ಜಪಾನಿನ ಬೇಸ್‌ಬಾಲ್ ಪಿಚ್ಚರ್ (ಚೆಂಡು ಎಸೆಯುವವ) ಒಬ್ಬನ ಕೆರಿಯರ್ ಓದುವುದು ಹೇಗೆ? ಕ್ರಿಕೆಟ್ ಮಾತ್ರ ಗೊತ್ತಿರುವ ನಮ್ಮ ಕಾಸರಗೋಡಿನವರಿಗೆ

ಮೊದಲೇ ಹೇಳಿಬಿಡ್ತೇನೆ, ಗೆಲುವಿನ ಕಾಲಂ ನೋಡ್ಬೇಡಿ, ಸ್ಪೀಡೂ ನೋಡ್ಬೇಡಿ. ರೀಲ್ಸಲ್ಲಿ 160 ಕಿಲೋಮೀಟರ್ ಅಂತ ಬಂದ ಕೂಡ್ಲೇ ನಮ್ಮ ಬದಿಯಡ್ಕ, ಕುಂಬಳೆ, ಉಪ್ಪಳ ಕಡೆಯ ಹುಡುಗ್ರು "ಬುಮ್ರಾನಿಗಿಂತ ಜಾಸ್ತಿ ಮಾರಾಯ" ಅಂತ ಶೇರ್ ಮಾಡಿ ಬಿಡ್ತಾರೆ, ಅಲ್ಲಿಗೆ ಕಥೆ ಮುಗೀತು. ಜಪಾನಿನ ಒಬ್ಬ ಪಿಚ್ಚರ್ ನಿಜವಾಗಿ ಎಂಥವ, ಹದಿನೈದಿಪ್ಪತ್ತು ವರ್ಷ ಅವ ಹೇಗೆ ಬದುಕಿದ ಅಂತ ಗೊತ್ತಾಗ್ಬೇಕಾದ್ರೆ ಹುಡುಕ್ಲಿಕ್ಕೆ ಇರುವುದು ಎರಡೇ ವಿಷಯ: ಅವನ ಕೈಯಿಂದ ಎಷ್ಟು ಕೆಲಸ ತೆಗ್ದಿದ್ದಾರೆ, ಆ ಕೆಲಸದ ನಡುವೆ ಎಷ್ಟು ದಿನ ರಜೆ ಕೊಟ್ಟಿದ್ದಾರೆ. ಬಾಕಿದ್ದೆಲ್ಲ ಆಮೇಲೆ.

ಆಟದ ಬಗ್ಗೆ ಬೇಕಾದಷ್ಟೇ ಹೇಳ್ತೇನೆ. ಪಿಚ್ಚರ್ ಅಂದ್ರೆ ಬೌಲರ್ ಅಂತಲೇ ಇಟ್ಕೊಳ್ಳಿ, ಆದ್ರೆ ಓಡಿ ಬರ್ಲಿಕ್ಕಿಲ್ಲ, ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು ಒಂದು ಕಾಲು ಎತ್ತಿ ಎಸೀಬೇಕು. ದೂರ 18.44 ಮೀಟರ್, ನಮ್ಮ ಪಿಚ್ಚು 20.12. ಚೆಂಡು ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, 142ರಿಂದ 149 ಗ್ರಾಂ. ಕೈ ಬಗ್ಗಿಸಿ ಎಸೀಬಹುದು, ಅಂದ್ರೆ ನಮ್ಮ ಟೂರ್ನಮೆಂಟಲ್ಲಿ "ಅವ ಬಾಲ್ ಮಾಡುದಲ್ಲ, ಎಸೀತಾನೆ" ಅಂತ ಅರ್ಧ ಗಂಟೆ ಗಲಾಟೆ ಆಗುವ ವಿಷಯವೇ ಅಲ್ಲಿ ಡ್ಯೂಟಿ. ಒಂದು ಮ್ಯಾಚಿಗೆ 9 ಇನ್ನಿಂಗ್ಸ್, ಒಂದೊಂದ್ರಲ್ಲಿ 3 ಔಟು, ಆ 27 ಔಟನ್ನೂ ಒಬ್ಬನೇ ತೆಗೆದ್ರೆ ಅದಕ್ಕೆ ಕಂಪ್ಲೀಟ್ ಗೇಮ್ ಅಂತಾರೆ. ಶುರು ಮಾಡುವವ ಸ್ಟಾರ್ಟರ್, ಅವನ ನಂತರ ಬರುವವ್ರು ರಿಲೀವರ್. ಒಮ್ಮೆ ಇಳಿಸಿದ ಪಿಚ್ಚರನ್ನ ಮತ್ತೆ ಅದೇ ಮ್ಯಾಚಿಗೆ ಹತ್ತಿಸ್ಲಿಕ್ಕಿಲ್ಲ. ಟಿ20ಯಲ್ಲಿ ಬೌಲರ್‌ಗೆ 24 ಬಾಲ್, ಇಲ್ಲಿ ಒಳ್ಳೆ ಸ್ಟಾರ್ಟರ್ ಒಂದು ಸಂಜೆಗೆ ನೂರರ ಆಸುಪಾಸು ಎಸೀತಾನೆ, ಎಲ್ಲವೂ ಫುಲ್ ಜೋರು. ಭುಜ ಮೊಣಕೈ ಏನಾಗ್ಬೇಕು ನೀವೇ ಯೋಚಿಸಿ.

ಈಗ ಒಬ್ಬನ ಪೇಜ್ ತೆಗೀರಿ. ಜಪಾನ್ ಲೀಗಿನ ಅಫೀಶಿಯಲ್ ಸೈಟಲ್ಲಿ ಇಂಗ್ಲಿಷ್ ಪೇಜ್ ಉಂಟು, ಬೇಸ್‌ಬಾಲ್ ರೆಫರೆನ್ಸಲ್ಲೂ ಸಿಗ್ತದೆ. ಕಲೀಲಿಕ್ಕೆ ಯೊಶಿನೊಬು ಯಮಾಮೊಟೊ ಸಾಕು. ಅವನ 2021ರ ಸಾಲು ಹೀಗುಂಟು: 26 ಮ್ಯಾಚ್, 18 ಗೆಲುವು, 5 ಸೋಲು, 193.2 ಇನ್ನಿಂಗ್ಸ್, 206 ಸ್ಟ್ರೈಕ್‌ಔಟ್ (ಚೆಂಡು ಹೊಡೀಲಿಕ್ಕಾಗದೆ ಬ್ಯಾಟರ್ ಔಟಾಗುದು), ಈಆರ್‌ಎ 1.39. ಈ 193.2 ಅಂದ್ರೆ ದಶಮಾಂಶ ಅಲ್ಲ, ನಮ್ಮ 15.4 ಓವರ್ ಇದ್ದ ಹಾಗೆ, 193 ಇನ್ನಿಂಗ್ಸ್ ಮತ್ತೆ 2 ಔಟು. ಈಆರ್‌ಎ ಅಂದ್ರೆ ಫೀಲ್ಡರ್‌ನ ತಪ್ಪಿಂದ ಹೋದ ರನ್ ಬಿಟ್ಟು ಬಾಕಿ ರನ್ನನ್ನ 9ರಿಂದ ಗುಣಿಸಿ ಇನ್ನಿಂಗ್ಸಿಂದ ಭಾಗಿಸುದು. ಅವ ಆ ವರ್ಷ ಬಿಟ್ಟ ಅಂಥ ರನ್ 30, ಮೊಬೈಲ್ ಕ್ಯಾಲ್ಕುಲೇಟರಲ್ಲಿ ಇನ್ನಿಂಗ್ಸನ್ನ 193.67 ಅಂತ ಹಾಕಿ ನೋಡಿ, 1.39 ಬರ್ತದೆ. 9 ಇನ್ನಿಂಗ್ಸಿಗೆ ಒಂದೂವರೆ ರನ್ನೂ ಇಲ್ಲ.

ಹೆಚ್ಚಿನವ್ರು ಅಲ್ಲೇ ನಿಲ್ತಾರೆ. ನೀವು ನಿಲ್ಬೇಡಿ, ಇನ್ನಿಂಗ್ಸನ್ನ ಮ್ಯಾಚಿಂದ ಭಾಗಿಸಿ. 2021ರಲ್ಲಿ ಯಮಾಮೊಟೊಗೆ ಸುಮಾರು 7.4 ಬರ್ತದೆ, ಅಂದ್ರೆ ಹತ್ತಿದ ಪ್ರತಿ ದಿನ ಏಳು ಏಳೂವರೆ ಇನ್ನಿಂಗ್ಸ್ ಅವನೇ. ಅದೇ ಮನುಷ್ಯ ಅಮೆರಿಕಕ್ಕೆ ಹೋದ ಮೇಲೆ 2025ರಲ್ಲಿ 30 ಮ್ಯಾಚ್, 173.2 ಇನ್ನಿಂಗ್ಸ್, ಭಾಗಿಸಿದ್ರೆ 5.8. ಮ್ಯಾಚ್ ಜಾಸ್ತಿ ಆಯ್ತು, ಒಂದೊಂದು ಮ್ಯಾಚಿನ ಕೆಲಸ ಕಮ್ಮಿ ಆಯ್ತು. ಅಲ್ಲಿ ಒಬ್ಬನನ್ನ ಇಡೀ ಸಂಜೆ ನಿಲ್ಲಿಸುವ ಅಭ್ಯಾಸ ಹೋಗಿ ರಿಲೀವರ್‌ಗಳ ಸಾಲೇ ರೆಡಿ ಇರ್ತದೆ, ಜಪಾನಲ್ಲಿ ಏಸ್ (ಟೀಮಿನ ಮೊದಲ ನಂಬರಿನ ಪಿಚ್ಚರ್) ಅಂದ್ರೆ ಈಗಲೂ ಮುಗಿಸಿ ಬರ್ಬೇಕು ಅಂತ ಒಂದು ಹಠ. ಈ ಒಂದು ಭಾಗಾಕಾರ ಮಾಡ್ಲಿಕ್ಕೆ ಕಲಿತ್ರೆ ಯಾವ ಪಿಚ್ಚರ್‌ನ ಪೇಜನ್ನೂ ಓದ್ಬಹುದು, ಹತ್ತು ವೀಡಿಯೋ ನೋಡಿದ್ರೂ ಸಿಗದ್ದು ಇಲ್ಲಿ ಸಿಗ್ತದೆ.

ಗೆಲುವು ಯಾಕೆ ನೋಡ್ಬಾರ್ದು ಅಂತ ಕೇಳಿದ್ರೆ ಮಸಾಯಿಚಿ ಕನೆಡಾನ ಪೇಜ್ ತೆಗೀರಿ. 1950ರಿಂದ 1969, 400 ಗೆಲುವು, 4490 ಸ್ಟ್ರೈಕ್‌ಔಟ್, ಜಪಾನಲ್ಲಿ ಇನ್ನೊಬ್ಬ ಅದರ ಹತ್ರ ಸುಳೀಲಿಲ್ಲ. ಪಕ್ಕದ ಕಾಲಂ ನೋಡಿ, 298 ಸೋಲು! ಅವನ ಹೆಚ್ಚಿನ ವರ್ಷ ಹೋದದ್ದು ಕೊಕುತೆತ್ಸು ಸ್ವಾಲೋಸ್ ಅಂತ ಒಂದು ದುರ್ಬಲ ಟೀಮಲ್ಲಿ, ಇವ ಎಷ್ಟು ಚೆನ್ನಾಗಿ ಎಸೆದ್ರೂ ಆಚೆ ಬ್ಯಾಟ್ ಮಾಡುವವ್ರು ರನ್ ತೆಗೀದಿದ್ರೆ ಸೋಲು ಇವನ ಹೆಸರಿಗೇ. ಹಾಗಾಗಿ ಗೆಲುವು ಸೋಲು ಟೀಮಿನದ್ದು, ಇನ್ನಿಂಗ್ಸ್ ಮಾತ್ರ ಅವನದ್ದು. ಕನೆಡಾನ ಇನ್ನಿಂಗ್ಸ್ 5526.2, ನೋಡಿದ್ರೆ ತಲೆ ತಿರುಗ್ತದೆ.

ಎಲ್ಲರ ಕೈಯೂ ಕನೆಡಾನ ಕೈ ಅಲ್ಲ. ಹಿರೊಶಿ ಗೊಂಡೊ ಅಂತ ಒಬ್ಬ 1961ರಲ್ಲಿ ಚೂನಿಚಿ ಡ್ರಾಗನ್ಸ್‌ಗೆ ಹೊಸತಾಗಿ ಬಂದ, ಮೊದಲ ವರ್ಷವೇ 69 ಮ್ಯಾಚ್, 429.1 ಇನ್ನಿಂಗ್ಸ್, 35 ಗೆಲುವು. ಇವತ್ತು ಸ್ಟಾರ್ಟ್ ಮಾಡುದು, ನಾಳೆ ಟೀಮು ಕಷ್ಟದಲ್ಲಿದ್ರೆ ರಿಲೀವರ್ ಆಗಿ ಹತ್ತುದು, ನಾಡಿದ್ದು ಮತ್ತೆ. ಆಗ ಜಪಾನಲ್ಲಿ ಒಂದು ಮಾತು ಓಡಾಡ್ತಿತ್ತು: ಗೊಂಡೊ, ಗೊಂಡೊ, ಮಳೆ, ಗೊಂಡೊ. ಅಂದ್ರೆ ಅವನಿಗೆ ರಜೆ ಸಿಗ್ತಿದ್ದದ್ದು ಮಳೆ ಬಂದು ಮ್ಯಾಚ್ ಕ್ಯಾನ್ಸಲ್ ಆದ್ರೆ ಮಾತ್ರ. ನಮ್ಮ ಜೂನ್ ಜುಲೈ ಅವನಿಗೆ ಸಿಕ್ಕಿದ್ರೆ ಕೈ ಉಳೀತಿತ್ತೋ ಏನೋ. ಎರಡನೇ ವರ್ಷ 30 ಗೆಲುವು, ಮೂರನೇ ವರ್ಷ 10, ಮತ್ತೆ ಭುಜ ಏಳ್ಲೇ ಇಲ್ಲ, ಒಟ್ಟು 82ಕ್ಕೆ ಮುಗೀತು. ಗೆಲುವಿನ ಕಾಲಂ ಮಾತ್ರ ನೋಡುವವ "ಹುಡುಗ ಎರಡು ವರ್ಷ ಮೆರೆದು ಆಮೇಲೆ ಸೋಮಾರಿ ಆದ" ಅಂತ ಬರೀತಾನೆ. ಅದೇ ಗೊಂಡೊ ಮುಂದೆ ಮ್ಯಾನೇಜರ್ (ನಮ್ಮ ಹೆಡ್ ಕೋಚ್ ಇದ್ದ ಹಾಗೆ) ಆಗಿ 1998ರಲ್ಲಿ ಯೊಕೊಹಾಮಾ ಟೀಮಿಗೆ ಜಪಾನ್ ಸೀರೀಸ್, ಅಂದ್ರೆ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದು ಕೊಟ್ಟ, ಪಿಚ್ಚರ್‌ಗಳನ್ನ ಸುಮ್ಮನೆ ಸುಸ್ತು ಮಾಡ್ಬಾರ್ದು ಅಂತ ಹೇಳ್ತಾ ಇದ್ದ ಮನುಷ್ಯ. ಯಾಕೆ ಹೇಳ್ತಿದ್ದ ಅಂತ ಬಿಡಿಸಿ ಹೇಳ್ಬೇಕಾ.

ಇದಕ್ಕೇ ಈಗ ಜಪಾನಲ್ಲಿ ಸ್ಟಾರ್ಟರ್‌ಗೆ ವಾರಕ್ಕೆ ಒಂದೇ ಮ್ಯಾಚ್. ಸೋಮವಾರ ಸಾಮಾನ್ಯ ಲೀಗಿಗೆ ರಜೆ, ಬಾಕಿ ಆರು ದಿನಕ್ಕೆ ಆರು ಜನ. ನೋಡುವ ನಮಗೆ ಇದು ಎಷ್ಟು ಅನುಕೂಲ ಅಂದ್ರೆ, ನಿಮ್ಮವ ಶುಕ್ರವಾರದವ ಅಂತ ಗೊತ್ತಾದ್ರೆ ಹೆಚ್ಚಾಗಿ ಬರುವ ಶುಕ್ರವಾರವೂ ಅವನೇ. ಅಲ್ಲಿಯ ಸಂಜೆ 6 ಗಂಟೆ ಮ್ಯಾಚ್ ನಮಗೆ ಮಧ್ಯಾಹ್ನ 2.30, ಊಟ ಆಗಿ ಒರಗುವ ಹೊತ್ತು. ಶನಿವಾರ ಆದಿತ್ಯವಾರ ಹಗಲು ಮ್ಯಾಚ್ ಜಾಸ್ತಿ, ಬೆಳಿಗ್ಗೆ 9.30, 10.30ಕ್ಕೆಲ್ಲ ಶುರು ಆಗ್ತದೆ. ಲೈವ್ ಸಿಗದಿದ್ರೆ ಪೆಸಿಫಿಕ್ ಲೀಗ್ ಟಿವಿಯವರ ಯೂಟ್ಯೂಬ್ ಚಾನೆಲಲ್ಲಿ ಹೈಲೈಟ್ಸ್ ಬರ್ತದೆ, ಮಳೆಗಾಲದಲ್ಲಿ ಕರೆಂಟು ನೆಟ್ಟು ಎರಡೂ ಕೈಕೊಡುವ ನಮ್ಮೂರಿಗೆ ಅದೇ ಗಟ್ಟಿ. ವಾರದ ಲೆಕ್ಕದಲ್ಲಿ ಅತಿ ಚಂದದ ಕಥೆ ಚೋಜಿ ಮುರಾತಾನದ್ದು. ಲೋಟೆ ಟೀಮಿನವ, ಮೊಣಕೈ ಹೋಗಿ 1983ರಲ್ಲಿ ಅಮೆರಿಕಕ್ಕೆ ಹೋಗಿ ಡಾಕ್ಟರ್ ಫ್ರಾಂಕ್ ಜೋಬ್ ಹತ್ರ ಆಪರೇಷನ್ ಮಾಡಿಸ್ಕೊಂಡ, ಟಾಮಿ ಜಾನ್ ಸರ್ಜರಿ ಅಂತಾರಲ್ಲ ಅದೇ, ದೇಹದ ಬೇರೆ ಕಡೆಯ ಸ್ನಾಯುರಜ್ಜು ತೆಗ್ದು ಮೊಣಕೈಗೆ ಕಟ್ಟುದು. 1985ರಲ್ಲಿ ಬಂದವ ಆದಿತ್ಯವಾರ ಆದಿತ್ಯವಾರ ಎಸೆದು 17 ಗೆಲುವು 5 ಸೋಲು. ಜನ ಸಂಡೇ ಚೋಜಿ ಅಂತ ಹೆಸರಿಟ್ರು. ಹಾಗಾಗಿ ಪೇಜಲ್ಲಿ ಒಂದಿಡೀ ವರ್ಷ ಖಾಲಿ ಕಂಡ್ರೆ ಕೂಡ್ಲೇ ಮೊಣಕೈಯ ಸುದ್ದಿ ಹುಡುಕಿ, ಹೆಚ್ಚಾಗಿ ಅಲ್ಲೇ ಇರ್ತದೆ.

ಇನ್ನು ಕೆರಿಯರಿನ ಬುಡಕ್ಕೆ ಹೋಗಿ. ಪ್ರೊಫೆಷನಲ್ ಪೇಜಲ್ಲಿ ಕಾಣದ ಕೆಲಸ ಹೈಸ್ಕೂಲಲ್ಲೇ ಆಗಿರ್ತದೆ. ಪ್ರತಿ ಆಗಸ್ಟಲ್ಲಿ ಕೋಶಿಯೆನ್ ಸ್ಟೇಡಿಯಮಲ್ಲಿ ನಡೆಯುವ ಹೈಸ್ಕೂಲ್ ಟೂರ್ನಮೆಂಟ್ ಇಡೀ ದೇಶ ಟಿವಿ ಮುಂದೆ ಕೂತು ನೋಡ್ತದೆ, ಶಾಲಾ ಮಕ್ಕಳ ಆಟಕ್ಕೆ ಅಷ್ಟು ಜನ ನಮ್ಮಲ್ಲಿ ಊಹಿಸ್ಲಿಕ್ಕೂ ಸಾಧ್ಯ ಇಲ್ಲ. 1998ರಲ್ಲಿ ಡೈಸುಕೆ ಮತ್ಸುಜಾಕಾ ಒಂದೇ ಮ್ಯಾಚಲ್ಲಿ 17 ಇನ್ನಿಂಗ್ಸ್ (9ರಲ್ಲಿ ಸಮ ಆದ್ರೆ ಮತ್ತೂ ಆಡಿಸ್ತಾರೆ), 250 ಪಿಚ್ (ಅಂದ್ರೆ ಬಾಲ್) ಎಸೆದ, ಎರಡು ದಿನ ಕಳೆದು ಫೈನಲಲ್ಲಿ ಒಂದೇ ಒಂದು ಹಿಟ್ (ಹೊಡೆದು ಓಡಿ ಸೇಫ್ ಆಗುದು) ಕೊಡದೆ ಗೆದ್ದ. ಹುಡುಗನಿಗೆ ಆಗ 17 ವರ್ಷ. ಈಗ ಒಂದು ವಾರದಲ್ಲಿ 500 ಪಿಚ್ಚಿನ ಮಿತಿ ಹಾಕಿದ್ದಾರೆ, 500 ಅಂದ್ರೂ ಕಮ್ಮಿ ಏನಲ್ಲ. ಇನ್ನೊಂದು ಬದಿಯಲ್ಲಿ ರೋಕಿ ಸಸಾಕಿ: ಹೈಸ್ಕೂಲಲ್ಲೇ 163 ಕಿಲೋಮೀಟರ್ ಎಸೆದವ, 2019ರಲ್ಲಿ ಇವಾತೆ ಪ್ರಾಂತ್ಯದ ಫೈನಲ್, ಗೆದ್ರೆ ಕೋಶಿಯೆನ್, ಕೋಚ್ ಅವನನ್ನ ಆಡಿಸ್ಲೇ ಇಲ್ಲ. ಹಿಂದಿನ ದಿನ 129 ಪಿಚ್ ಎಸೆದಿದ್ದಾನೆ, ಕೈಗೆ ಅಪಾಯ ಅಂತ. ಸೋತ್ರು, ಶಾಲೆಗೆ ಬೈಗುಳದ ಫೋನಿನ ಸುರಿಮಳೆ. ನಾನು ಆ ಕೋಚಿನ ಪಾರ್ಟಿ. ಒಂದು ಟ್ರೋಫಿಗೋಸ್ಕರ ಹದಿನೇಳರ ಹುಡುಗನ ಮೊಣಕೈ ಅಡವಿಡುದು ಎಂತ ನ್ಯಾಯ?

ಅದೇ ಸಸಾಕಿ 2022ರ ಏಪ್ರಿಲ್ 10ಕ್ಕೆ ಪರ್ಫೆಕ್ಟ್ ಗೇಮ್ ಎಸೆದ, 27 ಜನ ಬಂದ್ರು 27 ಜನವೂ ಔಟು, ಅದ್ರಲ್ಲಿ 19 ಸ್ಟ್ರೈಕ್‌ಔಟ್, ಸತತ 13. ಮುಂದಿನ ವಾರ ಮತ್ತೆ 8 ಇನ್ನಿಂಗ್ಸ್ ಪರ್ಫೆಕ್ಟ್, 102 ಪಿಚ್ ಆಯ್ತು, ಇನ್ನು 3 ಔಟಾದ್ರೆ ಚರಿತ್ರೆ, ಮ್ಯಾನೇಜರ್ ಸಾಕು ಬಾ ಅಂತ ಇಳಿಸಿಬಿಟ್ಟ! ಟೀಮು 10ನೇ ಇನ್ನಿಂಗ್ಸಲ್ಲಿ 1-0 ಸೋತದ್ದೂ ಹೌದು. ಗೊಂಡೊನ 1961 ಮತ್ತೆ ಸಸಾಕಿಯ ಈ ಸಂಜೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಅರವತ್ತು ವರ್ಷದಲ್ಲಿ ಎಂತ ಬದಲಾಯ್ತು ಅಂತ ಬೇರೆ ಯಾರೂ ಹೇಳ್ಬೇಕಾಗಿಲ್ಲ.

ಡ್ರಾಫ್ಟಿನ ಸಾಲನ್ನೂ ಬಿಡ್ಬೇಡಿ. ಅಕ್ಟೋಬರಲ್ಲಿ 12 ಟೀಮು ಸೇರಿ ಹುಡುಗ್ರನ್ನ ಆರಿಸ್ತಾರೆ, ಮೊದಲ ರೌಂಡಲ್ಲಿ ಒಬ್ಬನನ್ನೇ ಹಲವು ಟೀಮು ಕೇಳಿದ್ರೆ ಚೀಟಿ ಎತ್ತುದು, ಹಿಡಿಯೊ ನೋಮೊನನ್ನ 1989ರಲ್ಲಿ 8 ಟೀಮು ಕೇಳಿತ್ತು, ಚೀಟಿ ಬಂದದ್ದು ಕಿಂತೆತ್ಸುಗೆ. ಆದ್ರೆ ಮೇಲೆ ಆಯ್ಕೆ ಆದವನೇ ದೊಡ್ಡವ ಆಗ್ತಾನೆ ಅಂತ ಇಲ್ಲ. ಯಮಾಮೊಟೊ 4ನೇ ರೌಂಡಿನವ, ಕೋಶಿಯೆನಲ್ಲಿ ಒಮ್ಮೆಯೂ ಎಸೆದವನಲ್ಲ, ಎತ್ತರ ಬರೀ 178 ಸೆಂಟಿಮೀಟರ್. ಕೊಡಾಯಿ ಸೆಂಗಾ ಅದಕ್ಕಿಂತಲೂ ಕೆಳಗೆ, 2010ರ ಡೆವಲಪ್‌ಮೆಂಟ್ ಡ್ರಾಫ್ಟಿನ (ಇನ್ನೂ ತಯಾರಾಗ್ಬೇಕಾದ ಹುಡುಗ್ರಿಗೆ ಇರುವ ಬೇರೆ ಡ್ರಾಫ್ಟ್) 4ನೇ ಆಯ್ಕೆ. ಅಂಥವ್ರಿಗೆ ಬೆನ್ನಿಗೆ ಮೂರಂಕಿ ನಂಬರ್, ಇವನದ್ದು 128, ಮೇನ್ ಟೀಮಲ್ಲಿ ಆಡ್ಲಿಕ್ಕೂ ಇಲ್ಲ, ಮೊದಲು ಎರಡಂಕಿ ನಂಬರ್ ಸಂಪಾದಿಸ್ಬೇಕು. ಏಸ್‌ಗೆ ಸಿಗುವ ನಂಬರ್ ಜಪಾನಲ್ಲಿ 18, ಹಾಗಾಗಿ ಹಳೆ ಫೋಟೋದ ಬೆನ್ನು ನೋಡಿದ್ರೇ ಆಗ ಅವನ ಸ್ಥಾನ ಎಂತದ್ದು ಅಂತ ಅರ್ಧ ಗೊತ್ತಾಗ್ತದೆ.

ಸೆಂಗಾನ ಹೆಸರು ಬಂದ ಮೇಲೆ ಫೋರ್ಕ್ ಬಾಲ್ ಹೇಳದೆ ಇರ್ಲಿಕ್ಕಾಗುದಿಲ್ಲ, ಅದನ್ನ ಗೋಸ್ಟ್ ಫೋರ್ಕ್ ಅಂತಲೇ ಕರೀತಾರೆ. ಒಂದು ಟೆನಿಸ್ ಬಾಲ್ ತಕೊಳ್ಳಿ, ತೋರುಬೆರಳು ನಡುಬೆರಳು ಅಗಲ ಮಾಡಿ ಅವೆರಡ್ರ ಸಂದಿಗೆ ಚೆಂಡನ್ನ ಒಳಗೆ ಒತ್ತಿ, ಹೆಬ್ಬೆರಳು ಅಡಿಯಲ್ಲಿ ಬರೀ ಆಧಾರಕ್ಕೆ. ಕೈಯ ವೇಗ ಫಾಸ್ಟ್ ಬಾಲಿನದ್ದೇ ಇರ್ಲಿ, ಮಣಿಕಟ್ಟು ತಿರುಗಿಸ್ಬೇಡಿ, ಚೆಂಡು ಬೆರಳಿನ ನಡುವಿಂದ ಜಾರಿ ಹೋಗ್ಬೇಕು. ಫಾಸ್ಟ್ ಬಾಲಿಗೆ ಹಿಂದಕ್ಕೆ ತಿರುಗುವ ಸ್ಪಿನ್ ಜೋರು ಇರ್ತದೆ, ಆ ಸ್ಪಿನ್ನು ಗಾಳಿಯಲ್ಲಿ ಚೆಂಡನ್ನ ಎತ್ತಿ ಹಿಡಿತದೆ. ಇಲ್ಲಿ ಸ್ಪಿನ್ ಕಮ್ಮಿ, ಎತ್ತುವವ್ರಿಲ್ಲ, ಅದಕ್ಕೇ ಬ್ಯಾಟರಿನ ಹತ್ರ ಬರುವಾಗ ಗುಂಡಿಗೆ ಬಿದ್ದ ಹಾಗೆ ಇಳೀತದೆ. ಎರಡು ಮೂರು ಸಲ ಟ್ರೈ ಮಾಡಿ ನಿಲ್ಲಿಸಿ, ಅಭ್ಯಾಸ ಇಲ್ಲದ ಬೆರಳಿಗೆ ಮೊಣಕೈಗೆ ಒಳ್ಳೇದಲ್ಲ. ನೀವು ಮಾಡ್ಬೇಕಾದದ್ದು ಕಲೀಲಿಕ್ಕಲ್ಲ, ಹಿಡಿತ ಕೈಗೆ ಗೊತ್ತಾದ್ರೆ ಹೈಲೈಟ್ಸಲ್ಲಿ ಬ್ಯಾಟರ್ ಯಾಕೆ ಗಾಳಿಗೆ ಬೀಸ್ತಾನೆ ಅಂತ ಕಣ್ಣಿಗೆ ಕಾಣ್ತದೆ. ಸೆಂಗಾ 2023ರಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ ಹೋಗಿ ಮೊದಲ ವರ್ಷವೇ 202 ಜನರನ್ನ ಸ್ಟ್ರೈಕ್‌ಔಟ್ ಮಾಡಿದ್ದು ಹೆಚ್ಚಿನಂಶ ಇದ್ರ ಜೋರಲ್ಲಿ.

ಅಮೆರಿಕಕ್ಕೆ ಹೋಗುವ ಭಾಗ ದುಡ್ಡಿನ ಭಾಗ, ಬೇಗ ಮುಗಿಸ್ತೇನೆ. ದಾರಿ ತೆರೆದದ್ದು ನೋಮೊ. ಬೆನ್ನು ಬ್ಯಾಟರಿಗೆ ತೋರಿಸಿ ಗಿರ್ರ ತಿರುಗಿ ಎಸೆಯುವವ, ಟಾರ್ನೇಡೋ ಅಂತ ಹೆಸರು. 1994ರಲ್ಲಿ ಒಂದು ಮ್ಯಾಚಲ್ಲಿ 16 ವಾಕ್ (ಗುರಿ ತಪ್ಪಿ ಎಸೆದದ್ದಕ್ಕೆ ಬ್ಯಾಟರಿಗೆ ಸಿಗುವ ಪುಕ್ಕಟೆ ದಾರಿ) ಕೊಟ್ರೂ ಇಳಿಸದೆ 191 ಪಿಚ್ ಎಸೆಸಿದ್ದಾರೆ ಅವನತ್ರ, ಅದೇ ವರ್ಷ ಭುಜ ಕೆಟ್ಟಿತು. ಮನಸ್ತಾಪ ಬೆಳೆದು ಜಪಾನಲ್ಲಿ ರಿಟೈರ್ ಅಂತ ಬರೆದು ಕೊಟ್ಟ, ರೂಲಿನ ಸಂದಿಯಲ್ಲಿ ನುಸುಳಿ 1995ಕ್ಕೆ ಲಾಸ್ ಏಂಜಲಿಸ್ ಡಾಡ್ಜರ್ಸ್ ಸೇರಿದ, 13 ಗೆಲುವು, 236 ಸ್ಟ್ರೈಕ್‌ಔಟ್, ಆ ವರ್ಷದ ಬೆಸ್ಟ್ ರೂಕಿ, ಅಂದ್ರೆ ಬೆಸ್ಟ್ ಹೊಸ ಆಟಗಾರ. ಆ ಸಂದಿ ಮುಚ್ಚಿ 1998ರಲ್ಲಿ ಪೋಸ್ಟಿಂಗ್ ಸಿಸ್ಟಮ್ ಬಂತು, ಅಂದ್ರೆ ಒಂಬತ್ತು ವರ್ಷ ಆಗಿ ಫ್ರೀ ಏಜೆಂಟ್ (ಬೇಕಾದ ಟೀಮಿಗೆ ಹೋಗಬಹುದಾದವ) ಆಗುವ ಮೊದಲೇ ಆಟಗಾರ ಹೋಗ್ಬೇಕಿದ್ರೆ ಜಪಾನಿನ ಟೀಮು ಒಪ್ಪಿ ಬಿಡ್ಬೇಕು, ಅಮೆರಿಕದವ್ರು ಆ ಟೀಮಿಗೂ ದುಡ್ಡು ಕೊಡ್ಬೇಕು. ಈಗಿನ ಲೆಕ್ಕ ಕಾಂಟ್ರಾಕ್ಟಿನ ಮೊದಲ 2.5 ಕೋಟಿ ಡಾಲರಿಗೆ 20 ಪರ್ಸೆಂಟ್, ಮುಂದಿನ 2.5 ಕೋಟಿಗೆ 17.5, ಅದರ ಮೇಲಿನದ್ದಕ್ಕೆ 15. ಯಮಾಮೊಟೊನ 32.5 ಕೋಟಿ ಡಾಲರಿಗೆ ಹಾಕಿ ನೋಡಿ, ಜಪಾನಲ್ಲಿ ಅವನ ಟೀಮಾಗಿದ್ದ ಒರಿಕ್ಸ್‌ಗೆ 5 ಕೋಟಿಗಿಂತ ಸ್ವಲ್ಪ ಮೇಲೆ ಬರ್ತದೆ. 25 ವರ್ಷ ಆಗುವ ಮೊದಲು ಹೋದ್ರೆ ಈ ದೊಡ್ಡ ಕಾಂಟ್ರಾಕ್ಟ್ ಸಿಗ್ಲಿಕ್ಕಿಲ್ಲ, ಹುಡುಗ್ರ ರೇಟು ಮಾತ್ರ. ಸಸಾಕಿ 2025ರಲ್ಲಿ ಹೋದದ್ದು 65 ಲಕ್ಷ ಡಾಲರ್ ಬೋನಸ್‌ಗೆ. ಎರಡು ವರ್ಷ ಕಾದಿದ್ರೆ ಎಷ್ಟು ಸಿಗ್ತಿತ್ತೋ, ಆದ್ರೆ ಕಾಯುವಾಗ ಕೈ ಹಾಗೇ ಇರ್ತದೆ ಅಂತ ಯಾರು ಬರೆದು ಕೊಡ್ತಾರೆ?

ಅಲ್ಲಿಯ ಮೊದಲ ವರ್ಷದ ಅಂಕಿ ನೋಡಿ ಗಾಬರಿ ಆಗ್ಬೇಡಿ. ಚೆಂಡು ಒಂಚೂರು ದೊಡ್ಡದು, ಜಾರ್ತದೆ, ವಾರ ಪೂರ್ತಿ ರಜೆ ಇಲ್ಲ. ಯಮಾಮೊಟೊ 2024ರಲ್ಲಿ ಸಿಯೋಲಲ್ಲಿ ಮೊದಲ ಮ್ಯಾಚಲ್ಲಿ ಒಂದೇ ಇನ್ನಿಂಗ್ಸಲ್ಲಿ 5 ರನ್ ಕೊಟ್ಟು ಇಳಿದ, ಜೂನಲ್ಲಿ ಭುಜದ ನೋವು, ವರ್ಷಕ್ಕೆ ಒಟ್ಟು 90 ಇನ್ನಿಂಗ್ಸ್. ಒಂದು ವರ್ಷದ ನಂತರ ನೋಡಿ. 2025ರ ವರ್ಲ್ಡ್ ಸೀರೀಸ್ (ಅಮೆರಿಕ ಲೀಗಿನ ಫೈನಲ್ ಸರಣಿ), ಎರಡನೇ ಮ್ಯಾಚ್ ಕಂಪ್ಲೀಟ್ ಗೇಮ್, ಆರನೇ ಮ್ಯಾಚಲ್ಲಿ 96 ಪಿಚ್ ಎಸೆದು ಗೆಲುವು, ಮರುದಿನವೇ ಏಳನೇ ಮ್ಯಾಚಲ್ಲಿ ರಿಲೀವರ್ ಆಗಿ ಬಂದು 34 ಪಿಚ್, 2.2 ಇನ್ನಿಂಗ್ಸ್, ಒಂದೂ ರನ್ ಇಲ್ಲ, 11ನೇ ಇನ್ನಿಂಗ್ಸಲ್ಲಿ ಟೊರೊಂಟೊ ಸೋತಿತು. ನಮಗೆ ಅದು ನವೆಂಬರ್ 2ರ ಬೆಳಿಗ್ಗೆ 5.30ಕ್ಕೆ ಶುರುವಾದ ಮ್ಯಾಚ್, ಅದೇ ದಿನ ನಮ್ಮ ಹುಡುಗೀರ ಕ್ರಿಕೆಟ್ ವರ್ಲ್ಡ್ ಕಪ್ ಫೈನಲ್, ಎಂಥಾ ಆದಿತ್ಯವಾರ ಅದು! 2013ರಲ್ಲಿ ಮಸಾಹಿರೊ ತನಾಕಾ ಕೂಡ ಹೀಗೇ ಮಾಡಿದ್ದ, ಸೀಸನಲ್ಲಿ 24 ಗೆಲುವು ಸೊನ್ನೆ ಸೋಲು, ಜಪಾನ್ ಸೀರೀಸಿನ ಆರನೇ ಮ್ಯಾಚಲ್ಲಿ 160 ಪಿಚ್ ಎಸೆದು ಸೋತ, ಮರುದಿನ ಬಂದು ಕೊನೆಯ ಇನ್ನಿಂಗ್ಸ್ ಮುಗಿಸಿ ಕಪ್ ಗೆಲ್ಲಿಸಿದ.

ಇಷ್ಟೊತ್ತು ರಜೆ ರಜೆ ಅಂತ ಹೇಳಿ ಈಗ ಇದಕ್ಕೆ ಚಪ್ಪಾಳೆ ಹೊಡೀತೀರಲ್ಲ ಅಂದ್ರೆ, ಹೌದು, ಹೊಡೀತೇನೆ. 2002ರಲ್ಲಿ ಆಂಟಿಗಾದಲ್ಲಿ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಕಟ್ಟಿ ಬಂದು ಲಾರಾನ ವಿಕೆಟ್ ತೆಗ್ದದ್ದಕ್ಕೆ ಕುಂಬಳೆ ಪೇಟೆಯಲ್ಲಿ ಕೂತು ಹೆಮ್ಮೆ ಪಡುವ ನಾವು ಇದಕ್ಕೆ ಹೊಡೀದೆ ಇರ್ಲಿಕ್ಕಾಗ್ತದಾ. ಓದುವಾಗ ಒಂದು ವ್ಯತ್ಯಾಸ ಇಟ್ಕೊಳ್ಳಿ, ಸೀಸನಿನ ಕೊನೆಯ ಒಂದು ರಾತ್ರಿ ಬೇರೆ, ಏಪ್ರಿಲಿಂದ ಅಕ್ಟೋಬರ್‌ವರೆಗೆ ದಿನ ಬಿಟ್ಟು ದಿನ ಬೇರೆ. ಗೊಂಡೊನ ಕೈ ಹೋದದ್ದು ಎರಡನೇದ್ರಿಂದ.

ಕೊನೆಗೆ ಪೇಜಿನ ಅಡಿಯ ಸಾಲುಗಳು, ವಯಸ್ಸಾದ ಮೇಲಿನದ್ದು. ಇದಕ್ಕೆ ಹಿರೊಕಿ ಕುರೊಡಾನನ್ನೇ ತೆಗೀರಿ. ಹಿರೊಶಿಮಾದಿಂದ ಅಮೆರಿಕಕ್ಕೆ ಹೋಗಿ 79 ಗೆಲುವು, 2014ರಲ್ಲಿ ಯಾಂಕೀಸ್‌ಗೆ 32 ಮ್ಯಾಚಲ್ಲಿ 199 ಇನ್ನಿಂಗ್ಸ್, ಅಲ್ಲೇ ಇದ್ರೆ ದೊಡ್ಡ ದುಡ್ಡು ಇತ್ತು, ಬಿಟ್ಟು 2015ಕ್ಕೆ ಹಳೆ ಟೀಮಿಗೇ ವಾಪಸ್ ಬಂದ. 2016ರಲ್ಲಿ 41 ವರ್ಷಕ್ಕೆ 24 ಮ್ಯಾಚ್, 151.2 ಇನ್ನಿಂಗ್ಸ್, 10 ಗೆಲುವು, ಹಿರೊಶಿಮಾ 25 ವರ್ಷದ ನಂತರ ಲೀಗ್ ಗೆದ್ದಿತು, ಅವ ರಿಟೈರ್ ಆದ. 199ರಿಂದ 151ಕ್ಕೆ ಇಳೀತು, ಕೈ ಸೋತಿತು ಅಂತ ಕಾಣ್ತದಲ್ವಾ, ಈಗ ಭಾಗಾಕಾರ ಮಾಡಿ: 2014ಕ್ಕೆ ಮ್ಯಾಚಿಗೆ 6.2, 2016ಕ್ಕೆ 6.3.